ವಂಶಾವಳಿಯ ಕುದುರೆ ಮತ್ತು ರೈತನ ಹೊಲ: ವಸಾಹತು ಕಾಲದ ಶಾಹಪುರ ಜಿಲ್ಲೆಯಲ್ಲಿ ಅಶ್ವತಳಿ ಸಂವರ್ಧನೆ

ಪೀಠಿಕೆ

ಭಾರತದ ಚರಿತ್ರೆಯಲ್ಲಿ ಕುದುರೆಯು ಬಹುಕಾಲ ರಾಜ್ಯಶಕ್ತಿಯ ಅಳತೆಗೋಲಾಗಿತ್ತು. ಹಡಗುಗಳಲ್ಲಿ ಕುದುರೆಗಳನ್ನು ತರಿಸಿ ಅರಸರಿಗೆ ಒದಗಿಸುತ್ತಿದ್ದ ಸೆಟ್ಟಿಗಳ ಉಲ್ಲೇಖ ಹೊಯ್ಸಳರ ಕಾಲದ ಶಾಸನಗಳಲ್ಲಿ ಕಂಡುಬರುತ್ತದೆ. ವಿಜಯನಗರದ ಅರಸನು ಪ್ರತಿವರ್ಷ ಹೊರ್ಮುಜಿನ 13,000 ಕುದುರೆಗಳನ್ನೂ ನಾಡಕುದುರೆಗಳನ್ನೂ ಕೊಳ್ಳುತ್ತಿದ್ದನೆಂದು ಪೋರ್ಚುಗೀಸ್ ಪ್ರವಾಸಿ ನೂನಿಜ್ ಬರೆದಿದ್ದಾನೆ. ಕನ್ನಡದಲ್ಲಿಯೇ ಅಭಿನವಚಂದ್ರನು ‘ಅಶ್ವವೈದ್ಯ’ವನ್ನು ರಚಿಸಿದನೆಂಬುದು ಈ ಪ್ರಾಣಿಯ ಬಗೆಗೆ ನಮ್ಮವರಿಗಿದ್ದ ಕಾಳಜಿಯನ್ನು ಸೂಚಿಸುತ್ತದೆ. ಆದರೂ ಯುದ್ಧಕ್ಕೆ ಬೇಕಾದ ಎತ್ತರದ, ಬಲಿಷ್ಠವಾದ ಕುದುರೆಗಳಿಗಾಗಿ ನಮ್ಮ ಅರಸರು ಕಡಲಾಚೆಯ ನಾಡುಗಳತ್ತಲೇ ನೋಡಬೇಕಾಗಿತ್ತು. ಈ ಕೊರತೆಯನ್ನು ನೀಗಿಸುವ ಪ್ರಶ್ನೆ ಬ್ರಿಟಿಷರ ಪಾಲಿಗೂ ಬಂದಿತು.

ಅವರು ಕಂಡುಕೊಂಡ ಪರಿಹಾರಗಳಲ್ಲಿ ಒಂದು, ಉತ್ತಮ ವಂಶಾವಳಿಯುಳ್ಳ ಗಂಡು ಕುದುರೆಗಳನ್ನು ಸರ್ಕಾರದ ವೆಚ್ಚದಲ್ಲಿ ಕೃಷಿ ಜಿಲ್ಲೆಗಳಲ್ಲಿ ಇರಿಸಿ, ರೈತರ ಹೆಣ್ಣು ಕುದುರೆಗಳಿಗೆ ಅವುಗಳ ಸೇವೆಯನ್ನು ಒದಗಿಸುವುದು. ಮೇಲ್ನೋಟಕ್ಕೆ ಇದೊಂದು ಪಶುಸಂವರ್ಧನೆಯ ಕಾರ್ಯಕ್ರಮ. ಆದರೆ ಪಂಜಾಬಿನ ಶಾಹಪುರ ಜಿಲ್ಲೆಯಲ್ಲಿ ಇದು ಭೂಹಿಡುವಳಿಯ, ಉತ್ತರಾಧಿಕಾರದ ಮತ್ತು ರೈತಸ್ವಾತಂತ್ರ್ಯದ ಪ್ರಶ್ನೆಯಾಗಿ ಬೆಳೆಯಿತು. ಪ್ರಸ್ತುತ ಲೇಖನದಲ್ಲಿ ಈ ವ್ಯವಸ್ಥೆಯ ಹಿನ್ನೆಲೆ, ಅದು ನಡೆದ ಬಗೆ ಹಾಗೂ ಅದರ ಪರಿಣಾಮಗಳನ್ನು ವಿವೇಚಿಸಲಾಗಿದೆ. ಇಲ್ಲಿ ಹೇಳುವ ಶಾಹಪುರವು ಇಂದಿನ ಪಾಕಿಸ್ತಾನದ ಸರಗೋಧಾ ಪ್ರದೇಶವನ್ನು ಒಳಗೊಂಡಿದ್ದ ಜಿಲ್ಲೆ. ನಮ್ಮ ಯಾದಗಿರಿ ಜಿಲ್ಲೆಯ ಶಹಾಪುರದೊಡನೆ ಇದನ್ನು ಬೆರೆಸಬಾರದು.

ಕಂಪನಿ ಕಾಲದ ಪ್ರಯೋಗಗಳು

ಈಸ್ಟ್ ಇಂಡಿಯಾ ಕಂಪನಿಯು 18ನೆಯ ಶತಮಾನದ ಕೊನೆಯಲ್ಲಿ ಬಿಹಾರದ ತಿರ್ಹುತ್ ಪ್ರದೇಶದ ಪೂಸಾದಲ್ಲಿ ಅಶ್ವಪಾಲನಾ ಕ್ಷೇತ್ರವೊಂದನ್ನು ಸ್ಥಾಪಿಸಿತು. ಬಂಗಾಳದ ಅಶ್ವದಳಕ್ಕೆ ಬೇಕಾದ ಕುದುರೆಗಳನ್ನು ದೇಶದೊಳಗೇ ಪಡೆಯುವುದು ಇದರ ಗುರಿ. 1808ರಲ್ಲಿ ಇದರ ಮೇಲ್ವಿಚಾರಕನಾಗಿ ಬಂದ ವಿಲಿಯಂ ಮೂರ್‌ಕ್ರಾಫ್ಟ್ ಫ್ರಾನ್ಸಿನ ಲಿಯೋನಿನಲ್ಲಿ ಪಶುವೈದ್ಯವನ್ನು ಅಭ್ಯಾಸ ಮಾಡಿದವನು. ಕುದುರೆಗಳ ಮೇವಿಗಾಗಿ ಪೂಸಾದಲ್ಲಿ ಓಟ್ಸ್ ಬೆಳೆಸಿದ್ದು, ರೋಗಗಳನ್ನು ದಾಖಲಿಸಿದ್ದು, ತಳಿಗೆ ತಕ್ಕ ಗಂಡು ಕುದುರೆಗಳಿಗಾಗಿ ಉತ್ತರ ಭಾರತದ ಜಾತ್ರೆಗಳನ್ನು ಸುತ್ತಿದ್ದು ಅವನ ಕಾರ್ಯಗಳಲ್ಲಿ ಸೇರಿವೆ. ಜಾತ್ರೆಗಳಲ್ಲಿ ತೃಪ್ತಿಕರ ಕುದುರೆಗಳು ದೊರೆಯದಿದ್ದಾಗ ಅವನು 1812ರಲ್ಲಿ ಹಿಮಾಲಯವನ್ನು ದಾಟಿ ಮಾನಸ ಸರೋವರದವರೆಗೆ ಹೋದನು. 1819ರಲ್ಲಿ ಬುಖಾರಾದ ಕಡೆಗೆ ಹೊರಟನು. 1825ರಲ್ಲಿ ಹಿಂದಿರುಗುವ ದಾರಿಯಲ್ಲಿ ಆಫ್ಘಾನಿಸ್ತಾನದ ಅಂದ್‌ಖೋಯ್‌ನಲ್ಲಿ ಮರಣ ಹೊಂದಿದನು. ಚರಿತ್ರಕಾರರು ಅವನನ್ನು ಭೂಶೋಧಕನೆಂದು ನೆನೆಯುತ್ತಾರೆ. ಆದರೆ ಅವನ ಅಲೆದಾಟದ ಮೂಲ ಪ್ರೇರಣೆ ಒಳ್ಳೆಯ ಬೀಜದ ಕುದುರೆಗಳ ಹುಡುಕಾಟವೇ ಆಗಿತ್ತೆಂಬುದನ್ನು ಮರೆಯಲಾಗದು.

ಸರ್ಕಾರವೇ ಕುದುರೆಗಳನ್ನು ಸಾಕಿ ಬೆಳೆಸುವ ಈ ವಿಧಾನ ದುಬಾರಿಯಾಯಿತು. ಸೇನೆ ಸೇರಿದ ಪ್ರತಿ ಕುದುರೆಯ ಮೇಲಿನ ವೆಚ್ಚ ಹೆಚ್ಚಾಗಿದ್ದು, ಗುಣ ಅದಕ್ಕೆ ತಕ್ಕಂತಿರಲಿಲ್ಲವೆಂಬ ಟೀಕೆ ನಿರಂತರವಾಗಿತ್ತು. ಇದೇ ಅವಧಿಯಲ್ಲಿ, 1830ರ ದಶಕದಿಂದ, ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸಿನಿಂದ ಕುದುರೆಗಳು ಹಡಗಿನಲ್ಲಿ ಬರತೊಡಗಿದವು. ಆ ಪ್ರಾಂತದ ಹೆಸರಿನಿಂದಲೇ ಅವುಗಳಿಗೆ ‘ವೇಲರ್’ ಎಂಬ ಹೆಸರು ಭಾರತದಲ್ಲಿ ಬಳಕೆಗೆ ಬಂದಿತು. ದಕ್ಷಿಣದಲ್ಲಿ ಬೆಂಗಳೂರಿಗೆ ಸಮೀಪದ ಹೊಸೂರಿನಲ್ಲಿ ಮದ್ರಾಸ್ ಸೇನೆಯ ಕುದುರೆಗಳ ಡಿಪೋ ಇದ್ದಿತು. 1870ರ ದಶಕದಲ್ಲಿ ಬಂಗಾಳದ ಅಶ್ವಪಾಲನಾ ಕ್ಷೇತ್ರಗಳನ್ನು ಮುಚ್ಚಲಾಯಿತು. ಪೂಸಾದ ಭೂಮಿಯಲ್ಲಿ 1905ರಲ್ಲಿ ಕೃಷಿ ಸಂಶೋಧನಾ ಸಂಸ್ಥೆಯು ತಲೆಯೆತ್ತಿತು.

ಜಿಲ್ಲೆಗಳಿಗೆ ಬಂದ ಬೀಜದ ಕುದುರೆ

ಹಳೆಯ ಪದ್ಧತಿಯ ಸ್ಥಾನದಲ್ಲಿ ಬಂದದ್ದು ಜಿಲ್ಲಾ ಪದ್ಧತಿ. ಇದರ ತತ್ತ್ವ ಸರಳವಾದುದು. ಹೆಣ್ಣು ಕುದುರೆ ರೈತನದು, ಅದರ ಮೇವು ಮತ್ತು ಆರೈಕೆಯ ಹೊಣೆ ರೈತನದು, ಹುಟ್ಟುವ ಮರಿಯೂ ರೈತನದು. ಸರ್ಕಾರವು ಗಂಡು ಕುದುರೆಯನ್ನು ಮಾತ್ರ ಒದಗಿಸುತ್ತದೆ. ಹೊಸ ಇಲಾಖೆಯ ಮುಖ್ಯಸ್ಥನಾಗಿ ಈ ಪದ್ಧತಿಯನ್ನು ರೂಪಿಸಿದವನು ಪಶುವೈದ್ಯ ಜೆ. ಎಚ್. ಬಿ. ಹ್ಯಾಲನ್.

ಕಾರ್ಯಕ್ರಮದ ಕ್ರಮ ಹೀಗಿತ್ತು. ಅಧಿಕಾರಿಗಳು ಜಿಲ್ಲೆಯಲ್ಲಿ ಸಂಚರಿಸಿ ಹೆಣ್ಣು ಕುದುರೆಗಳನ್ನು ಪರೀಕ್ಷಿಸುತ್ತಿದ್ದರು. ಎತ್ತರ, ಮೂಳೆಯ ದಪ್ಪ, ಅಂಗಸೌಷ್ಠವ ಇವುಗಳಲ್ಲಿ ಒಪ್ಪಿಗೆಯಾದ ಕುದುರೆಗೆ ಸರ್ಕಾರಿ ಮುದ್ರೆ ಕಾಸಿ ಬರೆ ಹಾಕಲಾಗುತ್ತಿತ್ತು. ಮುದ್ರೆ ಬಿದ್ದ ಕುದುರೆಗೆ ಸರ್ಕಾರಿ ಗಂಡು ಕುದುರೆಯ ಸೇವೆ ಉಚಿತ. ತಹಸೀಲು ಕೇಂದ್ರಗಳಂತಹ ಊರುಗಳಲ್ಲಿ ಲಾಯಗಳನ್ನು ಕಟ್ಟಿಸಿ ಅಲ್ಲಿ ಬೀಜದ ಕುದುರೆಗಳನ್ನು ಇರಿಸಲಾಗುತ್ತಿತ್ತು. ರೈತನು ಬೆದೆಗೆ ಬಂದ ತನ್ನ ಕುದುರೆಯನ್ನು ಅಲ್ಲಿಗೆ ನಡೆಸಿಕೊಂಡು ಬರುತ್ತಿದ್ದನು. ಕುದುರೆ ಜಾತ್ರೆಗಳಲ್ಲಿ ಒಳ್ಳೆಯ ಮರಿಗಳಿಗೆ ಬಹುಮಾನ ನೀಡುವುದು, ಅಲ್ಲಿಯೇ ಸೇನೆಗೆ ಕುದುರೆಗಳನ್ನು ಕೊಳ್ಳುವುದು ಇದರ ಮುಂದಿನ ಹಂತ.

ಈ ಲಾಯಗಳಲ್ಲಿ ಇಂಗ್ಲಿಷ್ ಥರೋಬ್ರೆಡ್, ಅರಬ್ಬಿ ಮತ್ತು ನಾರ್‌ಫೋಕ್ ಟ್ರಾಟರ್ ತಳಿಯ ಕುದುರೆಗಳಿದ್ದವು. ಫಿರಂಗಿಗಳನ್ನೂ ಸಾಮಾನು ಸರಂಜಾಮುಗಳನ್ನೂ ಹೊರುವ ಹೇಸರಗತ್ತೆಗಳಿಗಾಗಿ ಇಟಲಿ, ಸೈಪ್ರಸ್, ಪರ್ಷಿಯಾಗಳಿಂದ ತರಿಸಿದ ದೊಡ್ಡ ಗಂಡು ಕತ್ತೆಗಳೂ ಇದ್ದವು. 1903ರಲ್ಲಿ ಆಯ್ದ ಜಿಲ್ಲೆಗಳ ಅಶ್ವತಳಿ ಕಾರ್ಯವು ನಾಗರಿಕ ಪಶುವೈದ್ಯ ಇಲಾಖೆಯಿಂದ ಸೇನೆಯ ರಿಮೌಂಟ್ ಇಲಾಖೆಗೆ, ಅಂದರೆ ಸೇನೆಗೆ ಕುದುರೆ ಒದಗಿಸುವ ಇಲಾಖೆಗೆ ಹೋಯಿತು. ಉಳಿದ ಜಿಲ್ಲೆಗಳಲ್ಲಿ ಜಿಲ್ಲಾ ಮಂಡಳಿಗಳು ತಮ್ಮ ವೆಚ್ಚದಲ್ಲಿ ಕೆಲವು ಗಂಡು ಕುದುರೆಗಳನ್ನೂ ಕತ್ತೆಗಳನ್ನೂ ಇರಿಸಿಕೊಂಡಿದ್ದವು. ಇದು ಕೇವಲ ಆಡಳಿತದ ಬದಲಾವಣೆಯಲ್ಲ. ರೈತನ ಪಶುಸಂಪತ್ತನ್ನು ನೋಡಿಕೊಳ್ಳುವ ಇಲಾಖೆಯೊಂದರಿಂದ ಆ ಪಶುವನ್ನು ಕೊಳ್ಳುವ ಇಲಾಖೆಗೆ ಅಧಿಕಾರವು ವರ್ಗವಾದಂತಾಯಿತು.

ಗ್ರಾಮಮಟ್ಟದಲ್ಲಿ ಈ ಕಾರ್ಯವನ್ನು ನಿರ್ವಹಿಸಿದವರಲ್ಲಿ ‘ಸಲೋತ್ರಿ’ಗಳ ಪಾತ್ರ ಗಮನಾರ್ಹ. ಅಶ್ವಶಾಸ್ತ್ರದ ಆಚಾರ್ಯನೆಂದು ಪ್ರಸಿದ್ಧನಾದ ಶಾಲಿಹೋತ್ರನ ಹೆಸರೇ ಉತ್ತರ ಭಾರತದ ಆಡುನುಡಿಯಲ್ಲಿ ಕುದುರೆ ವೈದ್ಯನಿಗೆ ಸಲೋತ್ರಿಯೆಂದು ನಿಂತಿತು. 1882ರಲ್ಲಿ ಲಾಹೋರಿನಲ್ಲಿ ಸ್ಥಾಪನೆಯಾದ ಪಶುವೈದ್ಯ ವಿದ್ಯಾಲಯದಲ್ಲಿ ತರಬೇತಿ ಪಡೆದ ಸಹಾಯಕರು ಕಾಲಕ್ರಮದಲ್ಲಿ ಇವರ ಸ್ಥಾನಕ್ಕೆ ಬಂದರು.

ವಂಶಾವಳಿಯ ಅರ್ಥ ಮತ್ತು ಮಿತಿ

ವಂಶಾವಳಿಯುಳ್ಳ ಕುದುರೆ ಎಂದರೇನು ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಿಕೊಳ್ಳುವುದು ಅಗತ್ಯ. ಇಂಗ್ಲೆಂಡಿನಲ್ಲಿ ವೆದರ್‌ಬಿ ಮನೆತನದವರು 1791ರಲ್ಲಿ ‘ಜನರಲ್ ಸ್ಟಡ್ ಬುಕ್’ ಎಂಬ ವಂಶಾವಳಿ ಗ್ರಂಥದ ಪ್ರಾರಂಭಿಕ ಸಂಪುಟವನ್ನು ಪ್ರಕಟಿಸಿದರು. ಪಂದ್ಯದ ಕುದುರೆಗಳ ತಂದೆತಾಯಿಗಳನ್ನು ತಲೆಮಾರುಗಳವರೆಗೆ ದಾಖಲಿಸುವ ಪದ್ಧತಿ ಇದರಿಂದ ನೆಲೆಗೊಂಡಿತು. ಇಂದಿನ ಎಲ್ಲ ಥರೋಬ್ರೆಡ್ ಕುದುರೆಗಳ ಗಂಡುವಂಶವು ಪೂರ್ವದೇಶಗಳಿಂದ ಇಂಗ್ಲೆಂಡಿಗೆ ಹೋದ ಬೈಯರ್ಲಿ ಟರ್ಕ್, ಡಾರ್ಲಿ ಅರೇಬಿಯನ್, ಗೊಡಾಲ್ಫಿನ್ ಅರೇಬಿಯನ್ ಎಂಬ ಮೂರು ಕುದುರೆಗಳಿಗೆ ಮುಟ್ಟುತ್ತದೆ. ಪೂರ್ವದಿಂದ ಪಶ್ಚಿಮಕ್ಕೆ ಹೋದ ರಕ್ತವೇ ವಂಶಾವಳಿಯ ಪ್ರಮಾಣದೊಂದಿಗೆ ಮತ್ತೆ ಪೂರ್ವಕ್ಕೆ ಬಂದಿತೆಂಬುದು ಚರಿತ್ರೆಯ ಒಂದು ವಿಶೇಷ.

ವಂಶಾವಳಿಯು ಒಂದು ಬಗೆಯ ಭರವಸೆ. ಪೂರ್ವಜರಲ್ಲಿ ಕಂಡ ಗುಣಗಳು ಸಂತತಿಯಲ್ಲಿಯೂ ಕಾಣಿಸಿಕೊಳ್ಳುವ ಸಂಭವವನ್ನು ಅದು ಹೆಚ್ಚಿಸುತ್ತದೆ. ಆದರೆ ಮರಿಗೆ ಬರುವ ಗುಣಗಳಲ್ಲಿ ಅರ್ಧಭಾಗ ತಾಯಿಯವು. ಗಿಡ್ಡ ದೇಶಿ ಹೆಣ್ಣು ಕುದುರೆಗೆ ಎತ್ತರದ ಥರೋಬ್ರೆಡ್ ಗಂಡನ್ನು ಕೂಡಿಸಿದಾಗ ಹುಟ್ಟುವ ಮರಿಗಳು ಏಕರೂಪವಾಗಿರುವುದಿಲ್ಲ. ಕೆಲವು ಉತ್ತಮವಾಗಿ, ಕೆಲವು ಉದ್ದಕಾಲಿನ ಬಡಕಲಾಗಿ ಬೆಳೆಯುತ್ತವೆ. ತಲೆಮಾರಿನಿಂದ ತಲೆಮಾರಿಗೆ ಹೆಣ್ಣು ಮರಿಗಳನ್ನು ಉಳಿಸಿಕೊಂಡು, ಅರ್ಧ, ಮುಕ್ಕಾಲು, ಎಂಟರಲ್ಲಿ ಏಳು ಪಾಲು ಎಂಬಂತೆ ಮೇಲ್ದರ್ಜೆಯ ರಕ್ತವನ್ನು ಹೆಚ್ಚಿಸುತ್ತ ಹೋದರೆ ಮಾತ್ರ ತಳಿ ನೆಲೆಗೊಳ್ಳುತ್ತದೆ. ಇದಕ್ಕೆ ದಶಕಗಳು ಬೇಕು. ಒಂದೇ ಬಗೆಯ ಗಂಡು ಕುದುರೆಗಳನ್ನು ದೀರ್ಘಕಾಲ ಬಳಸುವ ಸ್ಥಿರವಾದ ನೀತಿಯೂ ಬೇಕು. ಭಾರತದಲ್ಲಿ ನೀತಿ ಸ್ಥಿರವಾಗಿರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ಹೆಚ್ಚಾಗಿ ಬಳಸಿದ ನಾರ್‌ಫೋಕ್ ಟ್ರಾಟರ್ ಕುದುರೆಗಳನ್ನು ಮುಂದಿನ ಅಧಿಕಾರಿಗಳು ಕೈಬಿಟ್ಟರು. ಹೀಗೆ ಮೊದಲ ಸಂಕರದಿಂದ ಬಂದ ಹೆಣ್ಣು ಕುದುರೆಗೆ ಎರಡನೆಯ ಬಾರಿ ಬೇರೆಯೇ ಲಕ್ಷಣದ ಗಂಡು ದೊರೆಯುವಂತಾಯಿತು.

ಝೀಲಂ ವಸಾಹತು: ಭೂಮಿಗೆ ಬದಲಾಗಿ ಕುದುರೆ

ಝೀಲಂ ಮತ್ತು ಚಿನಾಬ್ ನದಿಗಳ ನಡುವಣ ಕಿರಾನಾ ಬಾರ್ ಎಂಬ ಒಣ ಮೈದಾನವು ಬಹುಕಾಲ ಪಶುಪಾಲಕರ ಹುಲ್ಲುಗಾವಲಾಗಿತ್ತು. ರಸೂಲಿನಲ್ಲಿ ಝೀಲಂ ನದಿಗೆ ಕಟ್ಟಿದ ಒಡ್ಡಿನಿಂದ ಹೊರಟ ಕೆಳ ಝೀಲಂ ಕಾಲುವೆಯಲ್ಲಿ 1901ರಲ್ಲಿ ನೀರು ಹರಿಯಿತು. 1902ರಿಂದ 1906ರವರೆಗೆ ಇಲ್ಲಿ ಸುಮಾರು 5,40,000 ಎಕರೆ ಭೂಮಿಯನ್ನು ಹಂಚಲಾಯಿತು. ಮೊದಲ ವಸಾಹತೀಕರಣ ಅಧಿಕಾರಿಯಾಗಿದ್ದವನು ಮುಂದೆ ಪಂಜಾಬ್ ಹಾಗೂ ಸಂಯುಕ್ತ ಪ್ರಾಂತಗಳ ಗವರ್ನರನಾದ ಮಾಲ್ಕಂ ಹೇಲಿ. 1903ರಲ್ಲಿ ಸರಗೋಧಾ ಪಟ್ಟಣಕ್ಕೆ ಅಡಿಪಾಯ ಬಿದ್ದಿತು.

ಇದಕ್ಕೂ ಮುನ್ನ ಚಿನಾಬ್ ವಸಾಹತಿನಲ್ಲಿ ದಟ್ಟ ಜನಸಂಖ್ಯೆಯ ಜಿಲ್ಲೆಗಳಿಂದ ರೈತರನ್ನು ಕರೆತಂದು ನೆಲೆಗೊಳಿಸಿದ ಪ್ರಯೋಗವು ಯಶಸ್ವಿಯಾಗಿತ್ತು. ಝೀಲಂ ವಸಾಹತಿನಲ್ಲಿಯೂ ಅದೇ ಕ್ರಮ ಮುಂದುವರಿಯುವುದೆಂಬ ನಿರೀಕ್ಷೆ ಇದ್ದಿತು. ಆದರೆ 1900–01ರ ಕುದುರೆ ಮತ್ತು ಹೇಸರಗತ್ತೆ ತಳಿ ಆಯೋಗವು ಹೊಸ ಕಾಲುವೆ ಭೂಮಿಯನ್ನು ಸೇನೆಯ ಕುದುರೆಗಳ ಉತ್ಪಾದನೆಗೆ ಬಳಸಿಕೊಳ್ಳಲು ಶಿಫಾರಸು ಮಾಡಿತು. ಭಾರತ ಸರ್ಕಾರವು ಇದನ್ನು ಒಪ್ಪಿತು. ಪರಿಣಾಮವಾಗಿ ಭೂಮಿ ಪಡೆಯುವ ರೈತನು ಹೆಣ್ಣು ಕುದುರೆಯನ್ನು ಸಾಕಲೇಬೇಕೆಂಬ ಷರತ್ತು ಹುಟ್ಟಿಕೊಂಡಿತು. ಇಂತಹ ಹಿಡುವಳಿಗೆ ‘ಘೋಡಿಪಾಲ್’ ಎಂಬ ಹೆಸರಾಯಿತು. ಘೋಡಿ ಎಂದರೆ ಹೆಣ್ಣು ಕುದುರೆ. ಅದನ್ನು ಪಾಲಿಸುವವನು ಘೋಡಿಪಾಲ್.

ಷರತ್ತುಗಳು ಬಿಗಿಯಾದವು. ರೈತನ ಕುದುರೆಯು ರಿಮೌಂಟ್ ಅಧಿಕಾರಿಯ ಒಪ್ಪಿಗೆ ಪಡೆಯಬೇಕು. ಅದನ್ನು ಸರ್ಕಾರಿ ಗಂಡು ಕುದುರೆಯೊಡನೆಯೇ ಕೂಡಿಸಬೇಕು. ಹುಟ್ಟಿದ ಮರಿಯನ್ನು ಕೊಳ್ಳುವ ಮೊದಲ ಹಕ್ಕು ಸೇನೆಯದು. ಇವುಗಳಿಗಿಂತ ಗಂಭೀರವಾದುದು ಉತ್ತರಾಧಿಕಾರದ ನಿಯಮ. ಹಿಡುವಳಿ ಒಡೆದುಹೋದರೆ ಕುದುರೆ ಸಾಕುವ ಶಕ್ತಿ ಕುಂದುವುದೆಂಬ ಕಾರಣ ನೀಡಿ, ತಂದೆಯ ನಂತರ ಒಬ್ಬನೇ ಮಗನಿಗೆ, ಸಾಮಾನ್ಯವಾಗಿ ಹಿರಿಯನಿಗೆ, ಭೂಮಿ ಹೋಗಬೇಕೆಂದು ವಿಧಿಸಲಾಯಿತು. ಎಲ್ಲ ಗಂಡುಮಕ್ಕಳೂ ಸಮಪಾಲು ಪಡೆಯುವುದು ಪಂಜಾಬಿನ ರೈತರ ರೂಢಿ. ಆ ರೂಢಿಯನ್ನು ಕುದುರೆಯ ನಿಮಿತ್ತ ಮುರಿಯಲಾಯಿತು. ಇತರ ವಸಾಹತುಗಳ ರೈತರು ಕಾಲಾನಂತರದಲ್ಲಿ ತಮ್ಮ ಭೂಮಿಯ ಸ್ವಾಮ್ಯವನ್ನು ಪಡೆಯುವ ದಾರಿಯಿದ್ದರೆ, ಕುದುರೆ ಹಿಡುವಳಿಯವರು ಸರ್ಕಾರದ ಗೇಣಿದಾರರಾಗಿಯೇ ಉಳಿದರು.

ಈ ಭಾಗದಲ್ಲಿ ಮೋನಾ ಎಂಬಲ್ಲಿ 1902ರಲ್ಲಿ ರಿಮೌಂಟ್ ಡಿಪೋ ಸ್ಥಾಪನೆಯಾಯಿತು. ರೈತರಿಂದ ಚಿಕ್ಕ ಪ್ರಾಯದಲ್ಲಿ ಕೊಂಡ ಮರಿಗಳನ್ನು ಅಲ್ಲಿ ಬೆಳೆಸಿ, ಸೇವೆಗೆ ಯೋಗ್ಯವಾದಾಗ ಸೇನಾಪಡೆಗಳಿಗೆ ಕಳುಹಿಸಲಾಗುತ್ತಿತ್ತು. ದೊಡ್ಡ ಹಿಡುವಳಿದಾರರ ಸ್ಥಿತಿ ಬೇರೆಯಾಗಿತ್ತು. ಶಾಹಪುರದ ತಿವಾನಾ ಮನೆತನದವರಿಗೆ ಕುದುರೆ ಸಾಕಣೆಯು ಪರಂಪರೆಯ ಪ್ರತಿಷ್ಠೆ. ಕಾಲ್ರಾದ ಸರ್ ಉಮರ್ ಹಯಾತ್ ಖಾನ್ ತಿವಾನಾ ಅವರಂತಹ ಜಮೀನುದಾರರು ಸ್ವಂತ ಅಶ್ವಪಾಲನಾ ಕ್ಷೇತ್ರಗಳನ್ನು ನಡೆಸಿದರು. ಅವರಿಗೆ ಕುದುರೆಯು ಸರ್ಕಾರದ ಕೃಪೆಗೂ ವಿಸ್ತಾರವಾದ ಭೂಮಿಗೂ ಹಾದಿಯಾಯಿತು. ಒಂದೆರಡು ಮುರಬ್ಬದ ರೈತನಿಗೆ ಅದೇ ಕುದುರೆ ಹೊರೆಯಾಯಿತು. (ಮುರಬ್ಬವೆಂದರೆ ವಸಾಹತುಗಳಲ್ಲಿ ಸುಮಾರು 25ರಿಂದ 28 ಎಕರೆಯ ಚೌಕ.)

ರೈತನ ಲೆಕ್ಕಾಚಾರ

ಈ ಹೊರೆಯ ಸ್ವರೂಪವನ್ನು ಅರಿಯಲು ಕುದುರೆಯ ಸಂತಾನಕ್ರಮವನ್ನು ಗಮನಿಸಬೇಕು. ಹೆಣ್ಣು ಕುದುರೆಯು ಹಗಲು ದೀರ್ಘವಾಗುವ ಋತುವಿನಲ್ಲಿ ಸುಮಾರು 21 ದಿನಗಳಿಗೊಮ್ಮೆ ಬೆದೆಗೆ ಬರುತ್ತದೆ. ಬೆದೆಯು ಐದಾರು ದಿನ ಉಳಿಯುತ್ತದೆ. ಗರ್ಭಧಾರಣೆಯ ಅವಧಿ ಸುಮಾರು 11 ತಿಂಗಳು. ಆದುದರಿಂದ ಅತ್ಯುತ್ತಮ ಪರಿಸ್ಥಿತಿಯಲ್ಲಿಯೂ ವರ್ಷಕ್ಕೆ ಒಂದೇ ಮರಿ. ಬೆದೆಯ ದಿನಗಳು ತಪ್ಪಿದರೆ, ಕುದುರೆ ಗಬ್ಬ ಕಟ್ಟದಿದ್ದರೆ, ಅಥವಾ ಗರ್ಭ ಜಾರಿದರೆ ಆ ವರ್ಷ ವ್ಯರ್ಥ. ಬೆದೆಯ ದಿನಗಳು ಗೋಧಿ ಕಟಾವಿನ ದಿನಗಳೊಡನೆ ಕೂಡಿಬರುತ್ತಿದ್ದವು. ಕುಡುಗೋಲು ಹಿಡಿಯಬೇಕಾದ ವೇಳೆಯಲ್ಲಿ ರೈತನು ಕುದುರೆಯ ಹಗ್ಗ ಹಿಡಿದು ಲಾಯದ ಹಾದಿ ತುಳಿಯಬೇಕಾಗಿತ್ತು.

ಹುಟ್ಟಿದ ಮರಿಗಳಲ್ಲಿ ಅರ್ಧದಷ್ಟು ಹೆಣ್ಣು. ಗಂಡು ಮರಿಗಳಲ್ಲಿಯೂ ಸೇನೆಯ ಅಳತೆಗೆ ನಿಲ್ಲುವವು ಕೆಲವೇ. ಅಧಿಕಾರಿ ಬೇಡವೆಂದ ಮರಿಗೆ ಹಳ್ಳಿಯಲ್ಲಿ ತಕ್ಕ ಬೆಲೆಯಿಲ್ಲ. ಏಕೆಂದರೆ ಅದನ್ನು ಹುಟ್ಟಿಸಿದ್ದು ಹಳ್ಳಿಯ ಉಪಯೋಗಕ್ಕಲ್ಲ. ಪಂಜಾಬಿನಲ್ಲಿ ನೇಗಿಲು ಎಳೆಯುವುದು ಎತ್ತು. ಹೆಣ್ಣು ಕುದುರೆಯನ್ನು ಸವಾರಿಗೆ ಬಳಸಬಹುದಾದರೂ ಗರ್ಭ ಧರಿಸಿದ ಕುದುರೆಯಿಂದ ಕಠಿಣ ದುಡಿಮೆ ಪಡೆಯುವಂತಿಲ್ಲ. ಅದು ತಿನ್ನುವ ಕಡಲೆ ಮತ್ತು ಹಸಿಮೇವು ಮಾತ್ರ ಗೋಧಿ, ಹತ್ತಿ ಬೆಳೆಯಬಲ್ಲ ನೀರಾವರಿ ಭೂಮಿಯಿಂದಲೇ ಬರಬೇಕು. ಗಂಡು ಕುದುರೆಯ ಸೇವೆ ಉಚಿತವೆಂಬ ಮಾತು ಈ ಹಿನ್ನೆಲೆಯಲ್ಲಿ ಅಪೂರ್ಣವೆನಿಸುತ್ತದೆ. ಲಾಯದ ಬಾಗಿಲಲ್ಲಿ ಸರ್ಕಾರ ಶುಲ್ಕ ಕೇಳಲಿಲ್ಲ, ನಿಜ. ಆದರೆ ಸಂತಾನೋತ್ಪತ್ತಿಯ ಸಮಸ್ತ ಅನಿಶ್ಚಯವನ್ನು ರೈತನ ಮೇಲೆ ಹೊರಿಸಿತು; ಅವನ ಭೂಮಿಯ ಭದ್ರತೆಯನ್ನೇ ಅದಕ್ಕೆ ಒತ್ತೆಯಿಟ್ಟುಕೊಂಡಿತು. ಕುದುರೆ ಸತ್ತರೆ, ಬರಡಾದರೆ, ಪರೀಕ್ಷೆಯಲ್ಲಿ ತಿರಸ್ಕೃತವಾದರೆ ಹೊಸದೊಂದನ್ನು ಕೊಳ್ಳಬೇಕು. ಇಲ್ಲವಾದರೆ ಹಿಡುವಳಿಗೇ ಕುತ್ತು.

ಪರೀಕ್ಷೆಯ ಪದ್ಧತಿಯು ಇನ್ನೊಂದು ತೊಡಕನ್ನು ತಂದಿತು. ಕುದುರೆ ಒಪ್ಪಿಗೆಯೋ ಅಲ್ಲವೋ ಎಂಬುದು ಅಧಿಕಾರಿಯ ಕಣ್ಣಿಗೆ ಬಿಟ್ಟ ವಿಷಯ. ಹೀಗಾಗಿ ಕೆಳಹಂತದ ನೌಕರರ ಮರ್ಜಿಗೆ ರೈತನು ಒಳಗಾಗಬೇಕಾಯಿತು.

ರೋಗ ಮತ್ತು ಕಾನೂನು

ಒಂದೇ ಗಂಡು ಕುದುರೆಯನ್ನು ಹತ್ತಾರು ಹಳ್ಳಿಗಳ ಹೆಣ್ಣು ಕುದುರೆಗಳಿಗೆ ಕೂಡಿಸುವ ವ್ಯವಸ್ಥೆಯಲ್ಲಿ ರೋಗವೂ ಅದೇ ದಾರಿಯಲ್ಲಿ ಹರಡುತ್ತದೆ. ಕುದುರೆ ಒಂಟೆಗಳನ್ನು ಕೊಲ್ಲುವ ‘ಸರ್ರಾ’ ರೋಗಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಗ್ರಿಫಿತ್ ಇವಾನ್ಸ್ 1880ರಲ್ಲಿ ಡೇರಾ ಇಸ್ಮಾಯಿಲ್ ಖಾನಿನಲ್ಲಿ ಗುರುತಿಸಿದ್ದನು. ಅದು ನೊಣಗಳ ಕಡಿತದಿಂದ ಹರಡುವ ರೋಗ. ಅದೇ ಜೀವಿವರ್ಗಕ್ಕೆ ಸೇರಿದ ರೋಗಾಣುವಿನಿಂದ ಬರುವ ‘ಡೂರೀನ್’ ರೋಗವಾದರೋ ಕೂಡಿಕೆಯಿಂದಲೇ ಅಂಟುತ್ತದೆ. ಜನನಾಂಗಗಳ ಬಾವು, ಚರ್ಮದ ಮೇಲೆ ತಟ್ಟೆಯಾಕಾರದ ದದ್ದುಗಳು, ಕೊನೆಗೆ ಹಿಂಗಾಲುಗಳ ಪಾರ್ಶ್ವವಾಯು ಇದರ ಲಕ್ಷಣಗಳು. 20ನೆಯ ಶತಮಾನದ ಆರಂಭದಲ್ಲಿ ಈ ರೋಗ ಉತ್ತರ ಭಾರತದಲ್ಲಿ ಕಾಣಿಸಿಕೊಂಡಾಗ ಇಡೀ ತಳಿ ಕಾರ್ಯಕ್ರಮಕ್ಕೇ ಅಪಾಯ ಒದಗಿತು.

ಇದರ ನಿಯಂತ್ರಣಕ್ಕಾಗಿ 1910ರಲ್ಲಿ ಡೂರೀನ್ ಕಾಯಿದೆಯನ್ನು ಜಾರಿಗೊಳಿಸಲಾಯಿತು. ತಳಿಗೆ ಬಳಸುವ ಕುದುರೆಗಳನ್ನು ಪರೀಕ್ಷಿಸುವ, ರೋಗಪೀಡಿತ ಗಂಡು ಕುದುರೆಯ ಬೀಜ ಒಡೆಯುವ, ಹೆಣ್ಣು ಕುದುರೆಯನ್ನು ಕೊಲ್ಲಿಸುವ ಅಧಿಕಾರವನ್ನು ಅದು ಅಧಿಕಾರಿಗಳಿಗೆ ನೀಡಿತು. ಸೇನೆಯ ಅಗತ್ಯಕ್ಕಾಗಿ ಆರಂಭವಾದ ಒಂದು ಕ್ರಮವು ರೈತನ ಕೊಟ್ಟಿಗೆಯವರೆಗೂ ಕಾನೂನಿನ ಕೈಯನ್ನು ಚಾಚಿದ ಬಗೆ ಇಲ್ಲಿ ಕಾಣುತ್ತದೆ. ಆದರೆ ಭಾರತದಲ್ಲಿ ಪಶುರೋಗಗಳ ವೈಜ್ಞಾನಿಕ ಅಧ್ಯಯನಕ್ಕೆ ಈ ಅಗತ್ಯವು ದೊಡ್ಡ ಪ್ರೇರಣೆಯಾಯಿತೆಂಬುದನ್ನೂ ಒಪ್ಪಬೇಕು. ಈ ಕಾಯಿದೆಯು ಸ್ವತಂತ್ರ ಭಾರತದಲ್ಲಿಯೂ ಬಹುಕಾಲ ಮುಂದುವರಿದು, 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ಕಾಯಿದೆ ಬಂದಾಗ ಕೊನೆಗೊಂಡಿತು.

ಅಸಮಾಧಾನ ಮತ್ತು ಅಂತ್ಯ

1907ರಲ್ಲಿ ಪಂಜಾಬಿನ ಕಾಲುವೆ ವಸಾಹತುಗಳಲ್ಲಿ ದೊಡ್ಡ ರೈತ ಚಳವಳಿ ಎದ್ದಿತು. ವಸಾಹತುಗಾರರ ಮೇಲೆ ಸರ್ಕಾರದ ಹಿಡಿತವನ್ನು ಬಿಗಿಗೊಳಿಸುವ ಮಸೂದೆಯನ್ನು ಪ್ರಾಂತೀಯ ಶಾಸನಸಭೆ ಅಂಗೀಕರಿಸಿದ್ದು ಇದರ ತಕ್ಷಣದ ಕಾರಣ. ಚಿನಾಬ್ ವಸಾಹತಿನ ಲಾಯಲ್‌ಪುರವು ಚಳವಳಿಯ ಕೇಂದ್ರವಾಯಿತು. ಲಾಲಾ ಲಜಪತರಾಯ್ ಮತ್ತು ಅಜಿತ್ ಸಿಂಗ್ ಅವರನ್ನು ಬರ್ಮಾದ ಮಂಡಾಲೆಗೆ ಗಡೀಪಾರು ಮಾಡಲಾಯಿತು. ಆದರೂ ವೈಸರಾಯ್ ಮಿಂಟೊ ಮೇ 1907ರಲ್ಲಿ ಆ ಮಸೂದೆಗೆ ಒಪ್ಪಿಗೆ ನಿರಾಕರಿಸಿದನು. ಸೇನೆಗೆ ಜನರನ್ನು ಒದಗಿಸುವ ಪ್ರದೇಶದಲ್ಲಿ ರೈತರ ಅತೃಪ್ತಿ ಸೇನೆಗೂ ಹರಡೀತೆಂಬ ಭಯ ಈ ನಿರ್ಧಾರದ ಹಿಂದಿತ್ತು. 1912ರಲ್ಲಿ ಬಂದ ಹೊಸ ವಸಾಹತೀಕರಣ ಕಾಯಿದೆಯು ಸಾಮಾನ್ಯ ಹಿಡುವಳಿದಾರರಿಗೆ ಅನುಕೂಲಕರವಾಗಿತ್ತು. ಆದರೆ ಕುದುರೆ ಹಿಡುವಳಿಗಳಲ್ಲಿ ಏಕಪುತ್ರ ಉತ್ತರಾಧಿಕಾರ ಉಳಿಯಿತು. ನೆರೆಹೊರೆಯ ರೈತರು ಬಿಡುಗಡೆ ಪಡೆದಾಗ ಘೋಡಿಪಾಲರು ಮಾತ್ರ ಹಳೆಯ ಕಟ್ಟಿನಲ್ಲಿಯೇ ಇದ್ದರು.

ಮುಂದೆ 1914ರಿಂದ ಆರಂಭವಾದ ಕೆಳ ಬಾರಿ ದೋಆಬ್ ವಸಾಹತಿನಲ್ಲಿ ಸರ್ಕಾರವು ಕ್ರಮವನ್ನು ಬದಲಿಸಿತು. ಅಲ್ಲಿ ಕುದುರೆ ಸಾಕುವವರಿಗೆ ಹೆಚ್ಚುವರಿ ಭೂಮಿಯನ್ನು ನಿಯಮಿತ ಅವಧಿಗೆ, ಸ್ಪರ್ಧೆಯ ಆಧಾರದ ಮೇಲೆ ನೀಡಲಾಯಿತು. ಝೀಲಂ ವಸಾಹತಿನ ಕಡ್ಡಾಯವು ಸಫಲವಾಗಲಿಲ್ಲವೆಂಬುದಕ್ಕೆ ಸರ್ಕಾರದ ಈ ನಡೆಯೇ ಸಾಕ್ಷಿ.

ಇತ್ತ ಕುದುರೆಯ ಕಾಲವೇ ಮುಗಿಯುತ್ತ ಬಂದಿತು. ಮೊದಲ ಮಹಾಯುದ್ಧದ ತರುವಾಯ ಭಾರತೀಯ ಅಶ್ವದಳದ 39 ರೆಜಿಮೆಂಟುಗಳನ್ನು 21ಕ್ಕೆ ಇಳಿಸಲಾಯಿತು. ಸವಾರನೇ ಕುದುರೆಯ ವೆಚ್ಚವನ್ನು ಭರಿಸುತ್ತಿದ್ದ ಸಿಲ್ಲೇದಾರ ಪದ್ಧತಿಯೂ ಅದರೊಂದಿಗೆ ಕೊನೆಗೊಂಡಿತು. 1930ರ ದಶಕದ ಕೊನೆಯಲ್ಲಿ ಅಶ್ವದಳಗಳು ಮೋಟಾರು ವಾಹನಗಳಿಗೂ ಟ್ಯಾಂಕುಗಳಿಗೂ ಬದಲಾದವು. 1940ರ ಸುಮಾರಿಗೆ ಝೀಲಂ ವಸಾಹತಿನ ರೈತರಿಗೆ ಈ ಷರತ್ತಿನಿಂದ ಬಿಡುಗಡೆ ದೊರೆಯಿತು. ಆ ವೇಳೆಗೆ ಒಂದು ತಲೆಮಾರಿನ ಕಿರಿಯ ಪುತ್ರರು ಭೂಮಿಯಿಲ್ಲದೆ ಬೆಳೆದಿದ್ದರು.

ಎರಡು ಹೋಲಿಕೆಗಳು

ಇದೇ ಕಾಲದ ಆಸ್ಟ್ರೇಲಿಯಾದ ಸ್ಥಿತಿಯನ್ನು ಹೋಲಿಸಿ ನೋಡುವುದು ಉಚಿತ. ನ್ಯೂ ಸೌತ್ ವೇಲ್ಸಿನ ಹಂಟರ್ ಕಣಿವೆಯಂತಹ ಪ್ರದೇಶಗಳಲ್ಲಿ ಬೀಜದ ಕುದುರೆಯ ಒಡೆತನ ಖಾಸಗಿಯವರದು. ಋತುವಿನ ಆರಂಭದಲ್ಲಿ ಕುದುರೆಯ ಹೆಸರು, ತಂದೆತಾಯಿಗಳ ವಿವರ, ಗೆದ್ದ ಪಂದ್ಯಗಳು, ಶುಲ್ಕ ಇವುಗಳನ್ನು ಮಾಲೀಕರು ಸ್ಥಳೀಯ ಪತ್ರಿಕೆಗಳಲ್ಲಿ ಪ್ರಕಟಿಸುತ್ತಿದ್ದರು. ರೈತನು ಹಲವು ಕುದುರೆಗಳಲ್ಲಿ ತನಗೆ ಬೇಕಾದುದನ್ನು ಆಯ್ದುಕೊಳ್ಳುತ್ತಿದ್ದನು. ಹುಟ್ಟಿದ ಮರಿ ಸೇನೆಗೆ ಹೋಗಬಹುದು, ಪಂದ್ಯಕ್ಕೆ, ಗಾಡಿಗೆ ಅಥವಾ ದನ ಕಾಯುವ ಕೆಲಸಕ್ಕೆ ಹೋಗಬಹುದು. ವಿಶಾಲವಾದ ಹುಲ್ಲುಗಾವಲಿನಲ್ಲಿ ಸಾಕುವ ವೆಚ್ಚವೂ ಅಲ್ಪ. ಆದುದರಿಂದಲೇ ಸಮುದ್ರ ದಾಟಿ ಬರುವ ವೇಲರ್ ಕುದುರೆಯು ಪಂಜಾಬಿನ ನೀರಾವರಿ ಭೂಮಿಯಲ್ಲಿ ಬೆಳೆದ ಕುದುರೆಯೊಡನೆ ಸ್ಪರ್ಧಿಸಬಲ್ಲುದಾಯಿತು. ಎರಡೂ ಕಡೆ ಇದ್ದದ್ದು ಇಂಗ್ಲಿಷ್ ವಂಶಾವಳಿಯ ಗಂಡು ಕುದುರೆಯೇ. ವ್ಯತ್ಯಾಸವಿದ್ದುದು ಭೂಮಿಯ ಬೆಲೆಯಲ್ಲಿ ಮತ್ತು ರೈತನಿಗಿದ್ದ ಆಯ್ಕೆಯಲ್ಲಿ.

ಮೈಸೂರು ಸಂಸ್ಥಾನದ ಅನುಭವವು ಮತ್ತೊಂದು ಬಗೆಯದು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯು ಟಿಪ್ಪುಸುಲ್ತಾನನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅದೂ ಮೂಲತಃ ಸೇನೆಯ ಸಾಗಣೆಗಾಗಿ ಹುಟ್ಟಿದ ವ್ಯವಸ್ಥೆಯೇ. 1860ರಲ್ಲಿ ಅದನ್ನು ವಿಸರ್ಜಿಸಿ 1866ರಲ್ಲಿ ಮತ್ತೆ ಸ್ಥಾಪಿಸಲಾಯಿತು. ಆದರೆ ಅಲ್ಲಿ ತಳಿಯ ಹೊರೆಯನ್ನು ಹೊತ್ತದ್ದು ಸರ್ಕಾರ ಮತ್ತು ಅದಕ್ಕೆಂದೇ ಮೀಸಲಾದ ಕಾವಲುಗಳು. ಅದರ ಎತ್ತು ರೈತನ ಗಾಡಿಗೂ ನೇಗಿಲಿಗೂ ಸಲ್ಲುವಂಥದು; ಸೇನೆಗೆ ಬೇಡವಾದರೂ ಜಾತ್ರೆಯಲ್ಲಿ ಅದಕ್ಕೆ ಬೆಲೆಯಿತ್ತು. ಕುದುರೆಯ ಮಟ್ಟಿಗೆ ಕುಣಿಗಲ್ಲಿನ ಅಶ್ವಪಾಲನಾ ಕ್ಷೇತ್ರವು ಸಂಸ್ಥಾನದ ಪಡೆಗಳಿಗೆ ನೆರವಾಗಿ, ಮುಂದೆ ಪಂದ್ಯದ ಕುದುರೆಗಳಿಗೆ ಹೆಸರಾಯಿತು. ಆದರೆ ಮೈಸೂರಿನಲ್ಲಿ ರೈತನ ಹಿಡುವಳಿಯನ್ನು ಕುದುರೆಗೆ ಕಟ್ಟಿಹಾಕುವ ಪ್ರಸಂಗ ಬರಲಿಲ್ಲ.

ಸ್ಥಳೀಯ ತಳಿಗಳ ಮೇಲಾದ ಪರಿಣಾಮವನ್ನೂ ಇಲ್ಲಿ ಹೇಳಬೇಕು. ಪರದೇಶದ ವಂಶಾವಳಿಗೆ ದೊರೆತ ಮನ್ನಣೆಯ ಮುಂದೆ, ಬರೆದಿಟ್ಟ ದಾಖಲೆಯಿಲ್ಲದ ನಾಡಕುದುರೆಗಳು ಹೀನವೆನಿಸಿದವು. ಮರಾಠ ಸೈನ್ಯಕ್ಕೆ ಬಲವಾಗಿದ್ದ ಭೀಮಾ ತೀರದ ಭೀಮಥಡಿ ಕುದುರೆ ಅಳಿದೇಹೋಯಿತೆಂದು ಬಹುಕಾಲ ಭಾವಿಸಲಾಗಿತ್ತು. ಇತ್ತೀಚಿನ ವರ್ಷಗಳಲ್ಲಿ ಅದನ್ನು ಪ್ರತ್ಯೇಕ ದೇಶಿ ತಳಿಯೆಂದು ಅಧಿಕೃತವಾಗಿ ಗುರುತಿಸಲಾಗಿದೆ. ದಖ್ಖನಿನ ಕುರಿಗಾಹಿಗಳು ಯಾವ ಸರ್ಕಾರಿ ಲಾಯದ ನೆರವೂ ಇಲ್ಲದೆ ಅದನ್ನು ಉಳಿಸಿಕೊಂಡು ಬಂದಿದ್ದರು.

ಉಪಸಂಹಾರ

ಶಾಹಪುರದ ಪ್ರಯೋಗವನ್ನು ಸಂಪೂರ್ಣ ವಿಫಲವೆನ್ನಲಾಗದು. ಉತ್ತಮ ಕುದುರೆಗಳು ಅಲ್ಲಿಂದ ಸೇನೆಗೆ ಹೋದವು. ಮೋನಾ ಡಿಪೋ ದೇಶವಿಭಜನೆಯ ನಂತರ ಪಾಕಿಸ್ತಾನ ಸೇನೆಯ ಭಾಗವಾಯಿತು; ಘೋಡಿಪಾಲ್ ಹೆಸರಿನ ಗುತ್ತಿಗೆಗಳೂ ಆ ದೇಶದಲ್ಲಿ ಬೇರೆ ರೂಪದಲ್ಲಿ ಮುಂದುವರಿದವು. ಆದರೆ ಒಂದು ತಳಿಯನ್ನು ಸುಧಾರಿಸುವ ಕಾರ್ಯದಲ್ಲಿ ಲಾಭ ಯಾರದು, ನಷ್ಟದ ಹೊಣೆ ಯಾರದು ಎಂಬ ಪ್ರಶ್ನೆಯನ್ನು ಈ ಪ್ರಸಂಗವು ಸ್ಪಷ್ಟವಾಗಿ ಮುಂದಿಡುತ್ತದೆ. ಸರ್ಕಾರಿ ದಾಖಲೆಗಳಲ್ಲಿ ಗಂಡು ಕುದುರೆಯ ತಳಿ, ಎತ್ತರ, ವಂಶಾವಳಿ, ಅದು ಕೂಡಿದ ಹೆಣ್ಣು ಕುದುರೆಗಳ ಸಂಖ್ಯೆ ಇವೆಲ್ಲ ಕ್ರಮವಾಗಿ ಬರೆಯಲ್ಪಟ್ಟಿವೆ. ಆ ಕುದುರೆಯ ನೆಪದಲ್ಲಿ ಪಾಲು ಕಳೆದುಕೊಂಡ ಕಿರಿಯ ಮಗನ ವಂಶಾವಳಿಯನ್ನು ಬರೆದಿಡುವ ಪುಸ್ತಕವಿರಲಿಲ್ಲ. ವಸಾಹತು ಕಾಲದ ಪಶುಸಂವರ್ಧನೆಯ ಚರಿತ್ರೆಯನ್ನು ಬರೆಯುವವರು ಇಲಾಖೆಯ ವರದಿಗಳೊಡನೆ ಹಿಡುವಳಿಯ ಪತ್ರಗಳನ್ನೂ ಇರಿಸಿ ಓದಬೇಕಾದ ಅಗತ್ಯ ಇಲ್ಲಿದೆ.